ನನ್ನನ್ನು ಉಲ್ಲೇಖಿಸಿದ ಏಕೈಕ ಮಹಾನುಭಾವ

ಹೊಗಳಿಕೆ ಬೇಡ ಎನ್ನುವವರನ್ನು ನಾನು ನೋಡಿದ್ದೇನೆ. ಸಂಶೋಧಕರಲ್ಲಿ ಮಾತ್ರ ನೋಡಿಲ್ಲ. ನಾವು ಬರೆದದ್ದನ್ನು ಯಾರೂ ಓದದಿದ್ದರೂ ನಮಗೆ ಬೇಸರವಿಲ್ಲ. ಯಾರಾದರೂ ಪುಣ್ಯಾತ್ಮರು ತಮ್ಮ ಲೇಖನದ ಕೊನೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ನಮ್ಮ ಹೆಸರು ಹಾಕಿದರೆ ಸಾಕು. ಅದಕ್ಕೆ ಉಲ್ಲೇಖ ಎನ್ನುತ್ತಾರೆ. ದಾವಣಗೆರೆ ಜಿಲ್ಲೆಯಾದ ಹೊಸತರಲ್ಲಿ, ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಲೆಕ್ಚರರ್ ಆಗಿ ಬೇರುಬಿಟ್ಟಿದ್ದ ನನಗೆ ಅದರ ಮೇಲಿನ ರೀಡರ್ ಹುದ್ದೆ ಬೇಕಾದರೆ ಇಂಥದೊಂದು ಉಲ್ಲೇಖ ತೋರಿಸಬೇಕೆಂದು ಆಡಳಿತ ಮಂಡಳಿ ಹೊಸ ನಿಯಮ ತಂದಿತು. ನನ್ನ ಜೊತೆ ಸೇರಿದವರೆಲ್ಲ ನಿಯಮ ಬರುವ ಮೊದಲೇ ರೀಡರ್ ಆಗಿ, ಸ್ಕೂಟರ್ ಮಾರಿ ಕಾರು ಹತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು?

ನನ್ನ ಆಸ್ತಿಯೆಂದರೆ ಒಂದೇ ಪ್ರಬಂಧ: ಮಧ್ಯಾಹ್ನದ ನಿದ್ದೆಗೂ ಮಿದುಳಿನ ನೆನಪಿನ ಶಕ್ತಿಗೂ ಇರುವ ಸಂಬಂಧ. ಹತ್ತಿರದ ಕೊಂಡಜ್ಜಿ ಹಳ್ಳಿಯ ರೈತರಿಗೆ ಒಂದಷ್ಟು ಪದ ಹೇಳಿಕೊಟ್ಟು, ಬೇವಿನ ಮರದಡಿ ಮಲಗಿಸಿ, ಎದ್ದ ಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿದ್ದೆ. ಯಾರೂ ಒಂದು ಪದವನ್ನೂ ಮರೆತಿರಲಿಲ್ಲ! ಹಿಗ್ಗಿ ಹೀರೇಕಾಯಿಯಾಗಿ ಬರೆದೆ. ನಮ್ಮ ವಿಭಾಗದ ಮುಖ್ಯಸ್ಥರಾದ ಚನ್ನವೀರಪ್ಪನವರು ಕೊಂಡಜ್ಜಿ ಯಾವ ದಿಕ್ಕಿಗಿದೆ ಎಂದೂ ವಿಚಾರಿಸದೆ ತಮ್ಮ ಹೆಸರನ್ನು ಮೊದಲು ಹಾಕಿಸಿದರು. ಅದರ ಹಿಂದೆ ಪಿ.ಜೆ. ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಅವರ ಅಳಿಯನ ಹೆಸರು. ಕೊನೆಗೆ ನಾನು. ನನ್ನ ಮುಖ ನೋಡಿ, "ಹೆಸರಿನಾಗ ಏನೈತ್ರಿ? ಎಲ್ಲಾ ಒಂದೇ" ಎಂದರು. ಒಂದೇ ಆದಮೇಲೆ ನನ್ನದೇ ಮೊದಲಿರಲಿ ಎನ್ನುವಷ್ಟು ಗುಂಡಿಗೆ ನನಗಿರಲಿಲ್ಲ.

ಒಂದು ದಿನ ಬೆಂಗಳೂರಿನ ಗ್ರಂಥಾಲಯದಲ್ಲಿದ್ದ ಗೆಳೆಯ ಫೋನ್ ಮಾಡಿದ. ವಿದೇಶಿ ಪತ್ರಿಕೆಯೊಂದರಲ್ಲಿ ನಮ್ಮ ಪ್ರಬಂಧದ ಉಲ್ಲೇಖವಿದೆಯಂತೆ, ಲೇಖನದ ಜೆರಾಕ್ಸ್ ಆಮೇಲೆ ಕಳಿಸುತ್ತಾನಂತೆ. ಜೆರಾಕ್ಸ್ ಬರುವತನಕ ಕಾಯುವ ತಾಳ್ಮೆ ಯಾರಿಗಿದೆ? ಕಾಲೇಜಿನಲ್ಲಿ ಚನ್ನವೀರಪ್ಪನವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನವಾಯಿತು. ಅಭಿನಂದನಾ ಭಾಷಣ ನನ್ನದು. ಮಂಡಕ್ಕಿ ಮೆಣಸಿನಕಾಯಿಯ ಖರ್ಚೂ ನನ್ನದೇ.

ಆಮೇಲೆ ಜೆರಾಕ್ಸ್ ಬಂತು. "ಚನ್ನವೀರಪ್ಪ ಮತ್ತಿತರರ ಫಲಿತಾಂಶ ಮನುಷ್ಯರ ಮಿದುಳಿನಿಂದ ಸಾಧ್ಯವಿಲ್ಲ, ಭಾಗವಹಿಸಿದವರು ಒಬ್ಬರಿಗೊಬ್ಬರು ಹೇಳಿಕೊಟ್ಟಿರಬೇಕು, ಸಂಶೋಧನೆ ಹೇಗೆ ಮಾಡಬಾರದು ಎಂಬುದಕ್ಕೆ ಇದು ಉದಾಹರಣೆ" ಎಂದು ಆ ಮಹಾನುಭಾವ ಒಂದು ಪ್ಯಾರಾ ಪೂರ್ತಿ ಉಗಿದಿದ್ದ. ನನಗೆ ಕೊಂಡಜ್ಜಿಯ ಹಿರಿಯ ಗೌಡರು ಆ ದಿನ ಮರದಡಿ ಕೂತವರಿಗೆ ಹೇಳಿದ್ದು ನೆನಪಾಯಿತು: "ಸಾಹೇಬ್ರು ಬಿಸಿಲಾಗ ಬಂದಾರ, ಬರಿಗೈಲಿ ಕಳಸಬ್ಯಾಡ್ರಪ್ಪಾ." ಹೊರಡುವಾಗ ಅವರು ನನ್ನ ಸ್ಕೂಟರಿಗೆ ಕಟ್ಟಿದ ಬದನೆಕಾಯಿ ಚೀಲದ ಬಗ್ಗೆ ಹೇಳಿದ್ದೆಂದು ತಿಳಿದಿದ್ದೆ. ಅಯ್ಯೋ ದೇವರೇ, ಅವರು ಪದಗಳನ್ನೂ ಕಟ್ಟಿಕೊಟ್ಟಿದ್ದರು!

ಜೆರಾಕ್ಸ್ ಓದಿದ ಚನ್ನವೀರಪ್ಪನವರು ಕನ್ನಡಕ ತೆಗೆದರು. "ನೋಡ್ರಿ, ಇದು ಪೂರ್ತಿ ನಿಮ್ದೇ ಕೆಲಸ. ನಾನು ಕೊಂಡಜ್ಜಿ ಕಡೆ ತಲೆ ಹಾಕಿನೂ ಮಲಗಿಲ್ಲ."

"ಛೆ ಛೆ, ತಾವು ದೊಡ್ಡೋರು ಸರ್. ತಮ್ಮ ಹೆಸರು ಮೊದ್ಲೈತೆ."

"ಹೆಸರಿನಾಗ ಏನೈತ್ರಿ?" ಎಂದವರೇ, ಈ ಸಂಶೋಧನೆಯಲ್ಲಿ ತಮ್ಮದಾಗಲಿ ಅಳಿಯನದಾಗಲಿ ಯಾವ ಪಾತ್ರವೂ ಇಲ್ಲವೆಂದು ಬರೆದು, ಸಹಿ ಹಾಕಿ, ಸೀಲೂ ಒತ್ತಿ ಕೊಟ್ಟರು. ಶಾಲನ್ನು ಮಾತ್ರ ವಾಪಸ್ ಕೊಡಲಿಲ್ಲ.

ಅದನ್ನೂ ಜೆರಾಕ್ಸನ್ನೂ ಹಿಡಿದು ಸಂದರ್ಶನಕ್ಕೆ ಹೋದೆ. ಆಡಳಿತ ಮಂಡಳಿಯ ಅಧ್ಯಕ್ಷರು ಅಕ್ಕಿ ಗಿರಣಿಯ ಸಾಹುಕಾರರು. ಪತ್ರಿಕೆಯ ಹೆಸರನ್ನು ದೂರ ಹಿಡಿದು ನೋಡಿದರು.

"ಪರದೇಶದೋರು ನಿಮ್ಮ ಬಗ್ಗೆ ಬರ್ದಾರೇನ್ರಿ?"

"ಬರ್ದಾರ್ರಿ."

"ಒಂದೇ ಸಾಲೋ?"

"ಇಲ್ರಿ, ಪ್ಯಾರಾ ಪೂರ್ತಿ ಐತ್ರಿ."

"ಭೇಷ್!" ಎಂದರು. ಪಕ್ಕದಲ್ಲಿದ್ದ ತಜ್ಞರು ತಲೆದೂಗಿದರು. ಓದುವ ದುರಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ನಾನು ರೀಡರ್ ಆದೆ.

ಪೇಡೆ ಕಟ್ಟಿಸಿಕೊಂಡು ಸರಸ್ವತಿ ನಗರದ ಮನೆಗೆ ಬಂದೆ. ಹರಿಹರದವಳಾದ ನನ್ನ ಹೆಂಡತಿ ಬಿಎಸ್ಸಿ ಓದಿದವಳು. ಪೇಡೆ ಬಾಯಿಗಿಡುವ ಮೊದಲು ಜೆರಾಕ್ಸ್ ಕೈಗೆತ್ತಿಕೊಂಡು ಕೊನೆಯವರೆಗೂ ಓದಿಬಿಟ್ಟಳು.

"ಏನ್ರೀ ಇದು? ನೀವು ಮಾಡಿದ್ದು ತಪ್ಪು ಅಂತ ಬರ್ದಿದ್ದಕ್ಕ ಬಡ್ತಿ ಕೊಟ್ರಾ?"

"ಹೂಂ ಕಣೆ. ಉಲ್ಲೇಖ ಉಲ್ಲೇಖನೇ."

"ಹಂಗಾದ್ರ ಮದುವಿ ಆದಾಗಿಂದ ದಿನಾ ನಾನು ಅದನ್ನೇ ಹೇಳ್ತಿದ್ದೀನಲ್ಲ! ಅದನ್ನೂ ಲೆಕ್ಕಕ್ಕ ಹಿಡಿದಿದ್ರೆ ನೀವು ಇಷ್ಟೊತ್ತಿಗೆ ಪ್ರಿನ್ಸಿಪಾಲರೇ ಆಗಿರ್ತಿದ್ರಿ" ಎಂದಳು.