ನನ್ನ ಉಪ್ಪಿನ ಕೈ ಮತ್ತು ತಮ್ಮ ಪ್ರಾಮಾಣಿಕ ರಕ್ತ

ನನ್ನವರ ಪ್ರಯೋಗಾಲಯದ ಕಿಟಕಿ ಪಕ್ಕದ ಪಂಜರದಲ್ಲಿ ಬಿಜಯಂಗೈದಿರುವ, ಉಪ್ಪು ತಡೆಯದ ತಳಿಯ ಬಿಳಿ ಇಲಿಯವರಿಗೆ,

ಮಾನ್ಯರೇ,

ತಮ್ಮ ಮೀಸೆಗೆ ಹೊಸ ಮದುವಣಗಿತ್ತಿಯ ಸಾವಿರ ನಮಸ್ಕಾರಗಳು. ತಮ್ಮ ಕ್ಷೇಮಸಮಾಚಾರ ಕೇಳಬೇಕಿಲ್ಲ. ನನ್ನವರು ಊಟಕ್ಕೆ ಕೂತಾಗಲೆಲ್ಲ ಅದನ್ನೇ ಬಡಿಸುತ್ತಾರೆ. ಉಪ್ಪು ಹೆಚ್ಚಾದರೆ ತಮ್ಮ ರಕ್ತದೊತ್ತಡ ಏರುತ್ತದಂತೆ, ರಕ್ತದಲ್ಲಿರಬೇಕಾದ ವಿಟಮಿನ್ ಡಿ ಮೂತ್ರದ ಜೊತೆ ಸೋರಿಹೋಗುತ್ತದಂತೆ. ಅದೇ ಉಪ್ಪು ತಿಂದ ಪಕ್ಕದ ಪಂಜರದ ತಡೆದುಕೊಳ್ಳುವ ತಳಿಯವರು ಮಾತ್ರ ಏನೂ ಆಗದವರಂತೆ ಓಡಾಡಿಕೊಂಡಿರುತ್ತಾರಂತೆ.

ನನ್ನ ದೂರು ಇಷ್ಟೇ. ತಮ್ಮ ಆಹಾರದ ಉಪ್ಪನ್ನು ತಕ್ಕಡಿಯಲ್ಲಿ ತೂಗುವ ಇದೇ ಮಹಾನುಭಾವರು, ನಾನು ಮಾಡಿದ್ದನ್ನು ಮಾತ್ರ ಕಣ್ಣುಮುಚ್ಚಿ ನುಂಗಿ, "ಸೂಪರ್ ಕಣೇ!" ಎಂದು ಹೊಗಳಿ, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಉಪ್ಪೆಂದರೆ ಸೋಡಿಯಂ ಕ್ಲೋರೈಡ್ ಎಂದು ಬರೆದು ಕಾನ್ವೆಂಟಿನಲ್ಲಿ ಪೂರ್ತಿ ಅಂಕ ಪಡೆದ ನಾನು, ಆ ಬಾಯಾರಿಕೆಯನ್ನು ಪ್ರೀತಿಯೆಂದೇ ತಿಳಿದು, ಮರುದಿನ ಇನ್ನೊಂದು ಚಮಚ ಪ್ರೀತಿ ಸುರಿಯುತ್ತಿದ್ದೆ.

ಕೊನೆಗೆ ನಮ್ಮತ್ತೆ ಬಂದು, ಒಂದೇ ತುತ್ತಿಗೆ ತಟ್ಟೆ ಸರಿಸಿ, "ಏನೋ ಇದು, ನಿನ್ನ ಇಲಿಗಾದ್ರೂ ಇಷ್ಟು ಹಾಕ್ತೀಯೇನೋ?" ಎಂದರು. "ನಾನು ತಡ್ಕೊಳ್ಳೋ ತಳಿ ಬಿಡಮ್ಮ" ಎಂದು ಇವರು ನಕ್ಕರು. ಮರುವಾರದ ತಪಾಸಣೆಯಲ್ಲಿ ಇವರ ರಕ್ತದೊತ್ತಡ ಮೇಲೆ, ವಿಟಮಿನ್ ಡಿ ಕೆಳಗೆ! ಹಗಲೆಲ್ಲ ಒಳಗೆ ತಮ್ಮೆದುರೇ ಕೂರುವವರಿಗೆ ಡಿ ಕೊಡುವ ಬಿಸಿಲೆಲ್ಲಿಂದ, ಇಲಿಯ ಲೆಕ್ಕ ಮನುಷ್ಯರಿಗೆ ಹಾಗೇ ಅನ್ವಯಿಸದು ಎಂದು ಡಾಕ್ಟರು ಸಮಾಧಾನ ಹೇಳಿದರೂ, ಒತ್ತಡದ ಮಾತು ಬಂದಾಗ ಆ ಡಾಕ್ಟರು ನೋಡಿದ್ದು ನನ್ನನ್ನೇ.

ಆದ್ದರಿಂದ ತಮ್ಮಲ್ಲಿ ಬಿನ್ನಹ. ತಮ್ಮ ಒಂದು ತೊಟ್ಟು ರಕ್ತ ಹೇಳುವಷ್ಟು ಸತ್ಯವನ್ನು ಇವರ ನಾಲಿಗೆ ಈ ಮದುವೆಯಲ್ಲಿ ಒಮ್ಮೆಯೂ ಹೇಳಿಲ್ಲ. ದಯವಿಟ್ಟು ಸಂಜೆ ಹೊತ್ತು ಇವರಿಗೆ ಟ್ಯೂಷನ್ ಕೊಟ್ಟು, ಮುಖ ಸಿಂಡರಿಸುವುದನ್ನು, ತಟ್ಟೆ ತಳ್ಳುವುದನ್ನು ಕಲಿಸಿಕೊಡಿ. ನನ್ನ ಮನಸ್ಸು ನೋಯದಿರಲೆಂದು ನನ್ನವರು ಹಾಸಿಗೆ ಹಿಡಿಯುವುದು ನನಗೆ ಬೇಡ.

ಉಪ್ಪಿನ ಡಬ್ಬಿಯನ್ನು ತನ್ನಿಂದಲೇ ಬಚ್ಚಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ತಮ್ಮ ಯಜಮಾನರ ಹೆಂಡತಿ

ತಾ.ಕ.: ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಇವರಿಂದ ಆಣೆ ಹಾಕಿಸಿಕೊಂಡೆ. ನಿನ್ನೆ ಮೊದಲ ತುತ್ತಿಗೇ ಧೈರ್ಯ ಮಾಡಿ, "ಇವತ್ತು ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ" ಎಂದರು. ನಿನ್ನೆ ನಾನು ಉಪ್ಪು ಹಾಕಿರಲೇ ಇಲ್ಲ. ನಾಳೆಯಿಂದ ನಮ್ಮ ಮನೆಯ ರುಚಿ ನೋಡಲು ತಾವೇ ದಯಮಾಡಿಸಬೇಕು.