ಆಫೀಸಿನದೋ, ಸ್ವಂತದ್ದೋ

ಮೂರ್ಖರ ಜೊತೆ ವಾದಕ್ಕಿಳಿಯಬಾರದು ಎಂದು ಹಿರಿಯರು ಹೇಳಿದ್ದಾರೆ. ಮೂರ್ಖ ನಮ್ಮ ಅಂಗಿಯ ಜೇಬಿನಲ್ಲೇ ಬಂದು ಕೂತರೆ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ನಾನು ತುಮಕೂರಿನಲ್ಲಿದ್ದುಕೊಂಡು ಗುಬ್ಬಿ, ಕುಣಿಗಲ್ ಕಡೆಯ ಅಂಗಡಿಗಳಿಗೆ ನೀರಾವರಿ ಪೈಪು ಮಾರುವ ಕಂಪನಿ ನೌಕರ. ನನ್ನ ಕಾರು ಕಂಪನಿ ಕೆಲಸಕ್ಕೆ ಎಷ್ಟು ಓಡುತ್ತದೆಂದು ಅಳೆಯಲು ಮೇಲಿನವರು ಫೋನಿಗೆ ಒಂದು ಆ್ಯಪ್ ಹಾಕಿಸಿದರು. ಕಾರು ನಿಂತ ಮೇಲೆ ಅದು ಟಿಣ್ ಎಂದು ಕೇಳುತ್ತದೆ: "ಈ ಪ್ರಯಾಣ ಆಫೀಸಿನದೋ, ಸ್ವಂತದ್ದೋ?" ಒಂದನ್ನು ಒತ್ತುವ ತನಕ ಮತ್ತೆ ಮತ್ತೆ ಕೇಳುತ್ತದೆ, ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರ ಹಾಗೆ.

ಇದರ ಬುದ್ಧಿವಂತಿಕೆಯನ್ನು ಏನೆಂದು ಹೊಗಳಲಿ! ರೈಲ್ವೆ ಗೇಟು ಬಿದ್ದು ಕಾರು ನಿಂತರೆ, ಪ್ರಯಾಣ ಮುಗಿಯಿತೆಂದು ತಾನೇ ತೀರ್ಮಾನಿಸುತ್ತದೆ. ಕಾರು ಗ್ಯಾರೇಜಿನಲ್ಲಿದ್ದ ದಿನ ಕುಣಿಗಲ್‌ಗೆ ಬಸ್ಸಿನಲ್ಲಿ, ಅದೂ ಕಂಬಿ ಹಿಡಿದು ನಿಂತುಕೊಂಡು ಹೋದೆ. ಇಳಿದ ಮೇಲೆ, "ನೀವು ಜೋರಾಗಿ ಬ್ರೇಕ್ ಹಾಕಿದ್ದೀರಿ, ಎಚ್ಚರ" ಎಂದು ನನಗೇ ಬುದ್ಧಿ ಹೇಳಿತು. ಬ್ರೇಕ್ ಹಾಕಿದ ಡ್ರೈವರ್ ಪಕ್ಕದಲ್ಲೇ ಹಾಯಾಗಿ ಟೀ ಕುಡಿಯುತ್ತಿದ್ದ. "ಫೋನ್ ಜೊತೆ ಜಗಳ ಆಡೋ ಗಂಡಸನ್ನ ನಾನೆಲ್ಲೂ ನೋಡಿಲ್ಲ ಕಣ್ರೀ," ಎಂದು ನನ್ನ ಹೆಂಡತಿ ನಗುತ್ತಾಳೆ.

ಈ ಮಂಕು ಆ್ಯಪಿಗೆ ನಮ್ಮ ಕಡೆಯ ವ್ಯಾಪಾರದ ರೀತಿಯೇ ಗೊತ್ತಿಲ್ಲ. ಇಲ್ಲಿ ಅಂಗಡಿಗೆ ಹೋಗಿ ಪೈಪು ಮಾರಿದವರು ಯಾರಿದ್ದಾರೆ? ಅಂಗಡಿಯವರ ಮನೆಯ ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಹೋಗಬೇಕು. ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗ ಆರ್ಡರ್ ತಾನಾಗಿ ಬರುತ್ತದೆ. ಅದರಲ್ಲಿ ಸ್ವಂತದ್ದು ಎಲ್ಲಿಯವರೆಗೆ, ಆಫೀಸಿನದು ಎಲ್ಲಿಂದ ಎಂದು ಕೇಳುವುದಕ್ಕೆ ಮಾನ ಮರ್ಯಾದೆ ಇರಬಾರದು.

ಹೋದ ತಿಂಗಳು ನಿಟ್ಟೂರಿನ ಅಂಗಡಿಯ ಶಿವಣ್ಣನವರ ತಾಯಿ ತೀರಿಕೊಂಡರು. ಶಿವಣ್ಣ ವರ್ಷಗಳಿಂದ ನನ್ನ ಕೈಯಲ್ಲೇ ಪೈಪು ತೆಗೆದುಕೊಳ್ಳುವವರು. ಆ ತಾಯಿಯೂ ನನಗೆ ಎಷ್ಟೋ ಸಲ ಮಜ್ಜಿಗೆ ಕೊಟ್ಟಿದ್ದರು. ತಿಥಿಗೆ ಹೋಗಿ ಪಂಕ್ತಿಯಲ್ಲಿ ಕೂತು, ಫೋನನ್ನು ಎಲೆಯ ಪಕ್ಕ ಇಟ್ಟುಕೊಂಡೆ. ತಲೆ ಬೋಳಿಸಿಕೊಂಡಿದ್ದ ಶಿವಣ್ಣ ಎಲ್ಲರನ್ನೂ ವಿಚಾರಿಸುತ್ತ ನನ್ನೆದುರು ಬಂದು ನಿಂತಾಗಲೇ ಆ ಹಾಳಾದ್ದು ಟಿಣ್ ಎಂದಿತು. ಅವರು ಬಗ್ಗಿ ಓದಿದರು.

"ಏನ್ ಸಾರ್ ಇದು, ಇಲ್ಲಿಗ್ ಬಂದಿರೋದು ಆಫೀಸ್ದಾ, ಸ್ವಂತದ್ದಾ ಅಂತ ಕೇಳ್ತೈತೆ?"

ಪಂಕ್ತಿಯವರೆಲ್ಲ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಎಲ್ಲರಿಗೂ ಕಾಣುವಂತೆ ಎಡಗೈಯಲ್ಲಿ 'ಸ್ವಂತ' ಒತ್ತಿದೆ. "ನಿಮ್ ತಾಯಿ ಅಂದ್ರೆ ನನ್ ತಾಯಿ ಇದ್ದಂಗೆ ಶಿವಣ್ಣೋರೆ," ಎಂದೆ.

ಶಿವಣ್ಣನವರ ಕಣ್ಣು ತುಂಬಿತು. "ಈ ಸಲದ ಆರ್ಡರ್ ಇವತ್ತೇ ನಿಮಗೆ ಕೊಟ್ಬುಡಾಣ ಅಂತಿದ್ದೆ ಸಾರ್. ಅವ್ವಂಗೋಸ್ಕರ ಬಂದಿರೋರ ತಾವ ಯಾಪಾರದ ಮಾತಾಡಿದ್ರೆ ಪಾಪ ಬತ್ತೈತೆ. ಇನ್ನೊಂದ್ ಕಂಪ್ನಿಯೋರು ಅದ್ಕೇ ಅಂತ ಬಂದವ್ರೆ, ಅವ್ರಿಗೇ ಕೊಟ್ರಾಯ್ತು. ನೀವು ನಿಧಾನಕ್ಕೆ ಉಣ್ಣಿ."

ಸಾವಿನ ಸುದ್ದಿ ಕೇಳಿದ ದಿನ ಬಾರದಿದ್ದ ಕಣ್ಣೀರು ಆಗ ದಳದಳ ಇಳಿಯಿತು.

"ಅಳ್ಬ್ಯಾಡಿ ಸಾರ್, ಅವ್ವಂಗೂ ವಯಸ್ಸಾಗಿತ್ತು," ಎಂದು ಶಿವಣ್ಣನವರೇ ನನ್ನ ಬೆನ್ನು ಸವರಿದರು.