ಕರಿಬಂಡೆ ಮಾರನಿಗೆ ಹಾಕದ ಗೂಡಿನ ಹಾರ

ಚಿನ್ಮಯಿ, ತರುಣ, ಇಬ್ಬರೂ ಒಟ್ಟಿಗೆ ಕೂತು ಓದಿ. ಒಬ್ಬರು ಓದಿ ಇನ್ನೊಬ್ಬರಿಗೆ ಕಥೆ ಕಟ್ಟಿ ಹೇಳಿದರೆ ನನ್ನ ಮಾನ ಇನ್ನಷ್ಟು ಹೋಗುತ್ತದೆ. 'ಕರಿಬಂಡೆ ಮಾರ' ಸಿನಿಮಾದ ಮೂರನೇ ಭಾಗ ಹೇಗಿತ್ತು ಅಜ್ಜಿ ಎಂದು ನೀವು ಫೋನಿನಲ್ಲಿ ಕೇಳಿದಾಗ, 'ಚೆನ್ನಾಗಿತ್ತು, ಅಮ್ಮನಿಗೆ ಕೊಡಿ' ಎಂದು ತಪ್ಪಿಸಿಕೊಂಡೆನಲ್ಲ, ಅದಕ್ಕೆ ಕಾರಣವಿದೆ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಬರೆಯಲು ಅಷ್ಟಿಲ್ಲ. ಹಾಳೆ ನನ್ನ ಮುಖ ನೋಡಿ ನಗುವುದಿಲ್ಲ.

ಮೊದಲು ನಿಮಗೆ ಹಗ್ಗದ ವಿಷಯ ತಿಳಿದಿರಬೇಕು. ಮಾರನ ಮೊದಲ ಭಾಗ ಬಂದಾಗ ನಿಮ್ಮ ಅಪ್ಪ ಹೈಸ್ಕೂಲಿನಲ್ಲಿದ್ದ. ಎರಡನೇ ಭಾಗ ಅವನ ಮದುವೆಯ ವರ್ಷ ಬಂತು. ಎರಡನ್ನೂ ನಾನು ನಿಮ್ಮ ತಾತನ ಜೊತೆ ರಾಮನಗರದ ಟಾಕೀಸಿನಲ್ಲಿ ನೋಡಿದ್ದೆ. ಎರಡನೇ ಭಾಗದ ಕೊನೆಯಲ್ಲಿ ಮಾರ ಬಂಡೆಯ ತುದಿಯಿಂದ ಹಗ್ಗ ಹಿಡಿದು ನೇತಾಡುತ್ತಿರುತ್ತಾನೆ. ಮೇಲಿನಿಂದ ಒಂದು ಕೈ ಬರುತ್ತದೆ. ಕೈಯಲ್ಲಿ ಕುಡುಗೋಲು. ಹಗ್ಗ ಕಚಕ್ಕೆಂದು ತುಂಡಾಗುತ್ತದೆ. ಕೈ ಯಾರದೆಂದು ತೋರಿಸದೆ, ದೀಪ ಹಾಕಿ, ನಮ್ಮನ್ನೆಲ್ಲ ಮನೆಗೆ ಕಳಿಸಿಬಿಟ್ಟರು!

ಅಂದಿನಿಂದ ನಮ್ಮ ಮನೆಯಲ್ಲಿ ವಾದ ಶುರುವಾಯಿತು. ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ, ಹುಳುವಿಗೆ ಸೊಪ್ಪು ಹಾಕುವಾಗ, ಊಟಕ್ಕೆ ಕೂತಾಗ ಅದೇ ಮಾತು.

"ಅದು ಮಾರನ ಗೆಣೆಕಾರ ಸಿದ್ದನ ಕೈ ಕಣೆ. ಕುಡ್ಲು ಹಿಡ್ದಿರೋ ವರಸೆ ನೋಡು, ಬೇಸಾಯ ಮಾಡಿರೋ ಕೈ ಅದು" ಎನ್ನುವರು ನಿಮ್ಮ ತಾತ.

"ಮಾರನ ಭಾವನ ಕೈ ಅದು. ಭಾವಂದಿರು ಕುಡ್ಲು ಹಿಡಿಯಾಕಿಲ್ವಾ? ನಿಮ್ ತಂಗಿ ಗಂಡ ಹಿಡಿಯಾಕಿಲ್ವಾ?" ಎನ್ನುವೆ ನಾನು.

ಕೊನೆಗೆ ಪಂದ್ಯ ಕಟ್ಟಿದೆವು. ಸೋತವರು ಗೆದ್ದವರಿಗೆ ಒಂದು ತಿಂಗಳು ಬೆಳಗಿನ ಕಾಫಿ ಮಾಡಿಕೊಡಬೇಕು. ನಿಮ್ಮ ತಾತ ಕಾಫಿ ಮಾಡುವುದನ್ನು ನೋಡಲೇಬೇಕೆಂದು ನನಗೆ ಬಲು ಆಸೆಯಿತ್ತು. ಅವರು ಹೋಗಿಬಿಟ್ಟರು. ಪಂದ್ಯ ಹಾಗೇ ಉಳಿಯಿತು.

ಹೀಗಿರುವಾಗ ಮೂರನೇ ಭಾಗ ಬರುತ್ತಿದೆ ಎಂದು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಪೋಸ್ಟರು ನೋಡಿದೆ. ಎದೆ ಢವಢವ ಎಂದಿತು. ಈ ವಯಸ್ಸಿನಲ್ಲಿ ಎದೆ ಹಾಗೆ ಹೊಡೆದುಕೊಂಡರೆ ಡಾಕ್ಟರ ಹತ್ತಿರ ಹೋಗಬೇಕು. ನಾನು ಟಾಕೀಸಿಗೆ ಹೋಗಲು ತೀರ್ಮಾನಿಸಿದೆ.

ಬರಿಗೈಯಲ್ಲಿ ಹೋಗುವುದೇ? ಬೇರೆ ಊರಿನ ಅಭಿಮಾನಿಗಳು ಕಟೌಟಿಗೆ ಸೇಬಿನ ಹಾರ ಹಾಕುತ್ತಾರೆ. ರೇಷ್ಮೆಯ ಊರು ಕೂಟಗಲ್ಲಿನವಳಾದ ನಾನು ರೇಷ್ಮೆಗೂಡಿನ ಹಾರ ಹಾಕಬಾರದೇಕೆ? ಆಗ ತಾನೇ ನಮ್ಮ ಹುಳುಮನೆಯಲ್ಲಿ ಗೂಡು ಬಿಡಿಸುತ್ತಿದ್ದೆವು. ಮಾರ್ಕೆಟ್ಟಿಗೆ ಕಳಿಸುವ ಮೊದಲು ಬೆಳ್ಳಗೆ, ಗಟ್ಟಿಯಾಗಿದ್ದ ಗೂಡುಗಳನ್ನು ಆರಿಸಿ ಎತ್ತಿಟ್ಟೆ. ಹಾರಕ್ಕೆ ಬಳಸುವ ಗೂಡನ್ನು ಮೊದಲು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು ಎಂಬುದು ಯಾರಿಗಾದರೂ ಗೊತ್ತು. ನನಗೂ ಗೊತ್ತು. ಆದರೆ ಬಿಸಿಲಿಗೆ ಹೊಳಪು ಹೋದೀತೆಂದು ಒಣಗಿಸಲಿಲ್ಲ. ಸೂಜಿ ಒಳಕ್ಕೆ ಹೋದರೆ ಗೂಡಿಗೆ ಕಲೆ ಬಿದ್ದೀತೆಂದು ಮೇಲಿನ ಪದರಕ್ಕೆ ಮಾತ್ರ ದಾರ ಪೋಣಿಸಿದೆ. ಹೇಗೂ ಶುಕ್ರವಾರವೇ ಹಾಕಿಬಿಡುವ ಹಾರ. ಒಳಗಿರುವ ಜೀವಕ್ಕೆ ನಾನು ಎಷ್ಟು ನಾಜೂಕಾಗಿ ಬಾಣಂತನ ಮಾಡಿದೆನೆಂದು ಆಮೇಲೆ ತಿಳಿಯಿತು.

ಆ ಶುಕ್ರವಾರ ಪಿಕ್ಚರು ಬರಲಿಲ್ಲ. ಒಂದು ವಾರ ಮುಂದಕ್ಕೆ ಹೋಯಿತು. ನಾನು ಹಾರವನ್ನು ಬಟ್ಟೆಯ ಬ್ಯಾಗಿನಲ್ಲಿ ಮಡಚಿ ಗೂಟಕ್ಕೆ ನೇತುಹಾಕಿದೆ. ಹುಟ್ಟಿದಾಗಿನಿಂದ ಹುಳು ಸಾಕಿದವಳು ನಾನು. ಆದರೆ ಗೂಡಾದ ಕೂಡಲೇ ಮಾರಿಬಿಡುವ ನಮ್ಮ ಮನೆಯಲ್ಲಿ ಯಾವ ಗೂಡೂ ಎರಡು ವಾರ ಉಳಿದದ್ದಿಲ್ಲ!

ಮುಂದಿನ ಶುಕ್ರವಾರ ಬೆಳಗಿನ ಆರು ಗಂಟೆಯ ಆಟ. ಜೊತೆಗೆ ಪಕ್ಕದ ಮನೆಯ ನಿಮ್ಮ ಜಯಜ್ಜಿ, ಅಂದರೆ ತಾತನ ತಂಗಿ ಜಯಮ್ಮ. ಅವಳಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. "ಒಬ್ರೇ ಹೋಗಿ ತಪ್ಪಿಸ್ಕೊಂಡ್ರೆ ನಿಮ್ಮನ್ ಹುಡುಕೋರ್ಯಾರು ಅತ್ಗೆ" ಎಂದು ಬಂದಳು.

ಕಟೌಟು ತೆಂಗಿನಮರದಷ್ಟಿತ್ತು. ಏಣಿಯ ಮೇಲೆ ನಿಂತವನನ್ನು ಕೂಗಿ ಹಾರ ಕೊಡಬೇಕು. ನನಗೆ ಬಾಯೇ ಬರಲಿಲ್ಲ. ಸೆರಗು ಎಳೆದುಕೊಂಡು ಬಹಳ ಹೊತ್ತು ನಿಂತೆ. ಕೊನೆಗೆ ಏಣಿ ಹಿಡಿದಿದ್ದವನೇ ನೋಡಿದ. "ಯಾಕಮ್ಮೋ ನಿಂತಿದ್ದೀಯ? ಒಸಿ ದಾರಿ ಬುಡು, ಹಾಲಿನ ಕ್ಯಾನ್ ಬತ್ತೈತೆ" ಎಂದ. ದಾರಿ ಬಿಟ್ಟೆ. ಹಾರ ಬ್ಯಾಗಿನಲ್ಲೇ ಉಳಿಯಿತು.

ಒಳಗೆ ಕೂತೆವು. ಮಾರ ತೆರೆಯ ಮೇಲೆ ಬಂದ! ಶಿಳ್ಳೆಯೋ ಶಿಳ್ಳೆ. ನನಗೂ ಶಿಳ್ಳೆ ಹಾಕಬೇಕೆನಿಸಿ ಬಾಯಿಗೆ ಬೆರಳಿಟ್ಟೆ. ಉಗುಳು ಬಂತು. ಅಷ್ಟರಲ್ಲಿ ಮಡಿಲಲ್ಲಿದ್ದ ಬ್ಯಾಗು ಅಲ್ಲಾಡಿದಂತಾಯಿತು.

"ಜಯಮ್ಮ, ಬ್ಯಾಗು ಅಲ್ಲಾಡ್ತಾ ಐತೆ."

"ನಿಮ್ ಕಾಲು ನಡುಗ್ತಾ ಐತೆ. ಸುಮ್ಕೆ ನೋಡಿ."

ಬ್ಯಾಗಿನ ಬಾಯಿಂದ ಒಂದು ಬಿಳಿ ಚಿಟ್ಟೆ ತಲೆ ಹಾಕಿತು. ಹಿಂದೆಯೇ ಇನ್ನೊಂದು. ಹಾರವೆಲ್ಲ ಹೆರಿಗೆ ಆಸ್ಪತ್ರೆಯಾಗಿತ್ತು! ರೇಷ್ಮೆ ಚಿಟ್ಟೆ ಸರಿಯಾಗಿ ಹಾರುವುದಿಲ್ಲ, ರೆಕ್ಕೆ ಬಡಿಯುತ್ತ ನಡೆಯುತ್ತದೆ. ಒಂದು ನಡೆದು ನಡೆದು ಮುಂದಿನ ಸೀಟಿನ ಮೀಸೆ ಯಜಮಾನರ ಹೆಗಲ ಟವಲ್ಲು ಹತ್ತಿತು. ಇನ್ನೊಂದು ಅದನ್ನು ಹುಡುಕಿಕೊಂಡು ಹೋಯಿತು. ಎರಡೂ ಅಲ್ಲೇ ಸಂಸಾರ ಹೂಡಿದವು. ನಾನು ನಾಚಿಕೆಯಿಂದ ಮುಖ ತಿರುಗಿಸಿದೆ.

ಯಜಮಾನರು ಹೆಗಲು ಮುಟ್ಟಿಕೊಂಡರು. "ಲೇ, ಇದ್ಯಾರ್ಲಾ ಟಾಕೀಸಿಗೆ ಚಿಟ್ಟೆ ಬುಟ್ಟಿರೋದು?"

ಬೇರೆ ಊರಾಗಿದ್ದರೆ ಜನ ಹೆದರಿ ಓಡುತ್ತಿದ್ದರು. ಇದು ರಾಮನಗರ. ನಮ್ಮ ಸುತ್ತ ಕೂತವರಲ್ಲಿ ಅರ್ಧ ಜನ ಹುಳು ಸಾಕುವವರು, ಇನ್ನರ್ಧ ನೂಲು ತೆಗೆಯುವವರು. ಮೊಬೈಲಿನ ಬೆಳಕು ಹೊತ್ತಿತು.

"ಇದು ಹೆಣ್ಣು ಕಣ್ಲಾ, ಹೊಟ್ಟೆ ನೋಡು."

"ಒಳ್ಳೆ ಜಾತಿ ಗೂಡು ಕಣಣ್ಣ. ಯಾರ ಮನೇದು?"

"ತುಳೀಬೇಡ್ರೋ, ಮೊಟ್ಟೆ ಇಕ್ತಾ ಐತೆ!"

ನಾನು ಸೀಟಿನ ಕೆಳಗೆ ಕೂತು ಚಿಟ್ಟೆಗಳನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದೆ. ಆಗಲೇ ಟಾಕೀಸಿನ ಮುಂಭಾಗದಿಂದ 'ಓ...' ಎಂದು ಭಾರೀ ಕೂಗೆದ್ದಿತು. ಹಗ್ಗ! ಎದ್ದು ನೋಡುವಷ್ಟರಲ್ಲಿ ಮಾರ ಹಿಮದ ಮೇಲೆ ಹಾಡುತ್ತ ಕುಣಿಯುತ್ತಿದ್ದ.

ಇಷ್ಟು ವರ್ಷ ಕಾದ ಕೈ ಬಂದು ಹೋಗಿತ್ತು. ನಾಚಿಕೆ ನುಂಗಿ ಮೀಸೆ ಯಜಮಾನರನ್ನೇ ಕೇಳಿದೆ, "ಅಣ್ಣ, ಹಗ್ಗ ಕುಯ್ದೋರು ಯಾರು?"

"ನಾನೆಲ್ಲಿ ನೋಡ್ದೆ ತಾಯಿ? ನೀನು ನನ್ ಹೆಗಲ ಮ್ಯಾಲೆ ಮದ್ವೆ ಮಾಡಿಸ್ತಿದ್ದಲ್ಲ" ಎಂದರು.

ನಮ್ಮ ಸುತ್ತಮುತ್ತ ಯಾರೂ ನೋಡಿರಲಿಲ್ಲ. ನೋಡಿದವಳು ಒಬ್ಬಳೇ, ಜಯಮ್ಮ! ನನ್ನ ಜೊತೆ ಬಂದವಳೆಂದು ಯಾರಿಗೂ ತಿಳಿಯಬಾರದೆಂದು ಕತ್ತು ಅಲ್ಲಾಡಿಸದೆ ತೆರೆಯನ್ನೇ ನೋಡುತ್ತ ಕೂತಿದ್ದಳಂತೆ.

ಬಸ್ಸಿನಲ್ಲಿ ಕೇಳಿದೆ. ಜಯಮ್ಮ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದಳು, "ನಮ್ಮಣ್ಣನೇ ಗೆದ್ದ ಅತ್ಗೆ."

ಒಡಹುಟ್ಟಿದವಳ ಸಾಕ್ಷಿಯನ್ನು ಯಾವ ನ್ಯಾಯಕಟ್ಟೆಯೂ ಒಪ್ಪುವುದಿಲ್ಲ. ನಾನೂ ಒಪ್ಪಲಿಲ್ಲ. ಮಂಗಳವಾರ ಒಬ್ಬಳೇ ಹೊರಟೆ. ಜನ್ಮದಲ್ಲಿ ಮೊದಲ ಸಲ ಟಿಕೆಟ್ ಕಿಟಕಿಯಲ್ಲಿ ನನ್ನ ದನಿ ನಾನೇ ಕೇಳಿದೆ. ಬ್ಯಾಗು ಒಯ್ಯಲಿಲ್ಲ.

ಮಕ್ಕಳೇ, ಪಿಕ್ಚರು ಬಲು ಚೆನ್ನಾಗಿದೆ. ಒಂದೆರಡು ಕೊರತೆ ಇದೆ. ಮೊದಲ ಭಾಗದಲ್ಲಿ ಮಾರ ಬಂಡೆ ಹತ್ತುತ್ತಿದ್ದ, ಇದರಲ್ಲಿ ಬಂಡೆಯೇ ಹಾರುತ್ತದೆ. ಮಾತಿಗಿಂತ ಗುಂಡು ಹೆಚ್ಚು. ಆದರೆ ಅವನ ಗಡ್ಡ ಬೆಳ್ಳಗಾಗಿರುವುದು ನನಗೆ ಹಿಡಿಸಿತು. ನಮ್ಮ ಜೊತೆಯಲ್ಲೇ ವಯಸ್ಸಾದವನಲ್ಲವೆ?

ಹಗ್ಗದ ದೃಶ್ಯ ಬಂತು. ರೆಪ್ಪೆ ಹೊಡೆಯಲಿಲ್ಲ. ಕೈ ಬಂತು, ತೋಳು ಬಂತು, ಮುಖ ಬಂತು. ಸಿದ್ದ! ಕೆಳಗೆ ಬಲೆ ಕಟ್ಟಿಟ್ಟು, ಗೆಳೆಯ ಮಾರನನ್ನು ಉಳಿಸಲೆಂದೇ ಹಗ್ಗ ಕೊಯ್ದಿದ್ದನಂತೆ. ಸೋತರೂ ನನಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, "ಸರಿ ಕಣ್ರೀ, ನೀವೇ ಗೆದ್ರಿ" ಎಂದೆ.

"ಏನಮ್ಮ ಗೆದ್ದಿದ್ದು?" ಎಂದಿತು ಸೀಟು. ಖಾಲಿಯಿರಲಿಲ್ಲ.

ಮರುದಿನ ಬೆಳಗ್ಗೆ ಜಯಮ್ಮ ನಮ್ಮ ಜಗಲಿಯ ಮೇಲೆ ಕೂತಿದ್ದಳು.

"ಕಾಫಿ ಎಲ್ಲಿ ಅತ್ಗೆ?"

"ಪಂದ್ಯ ಕಟ್ಟಿದ್ದು ನಿಮ್ಮಣ್ಣ ಕಣೇ."

"ನಮ್ಮಣ್ಣನ ಆಸ್ತೀಲಿ ನಂಗೂ ಒಂದ್ ಪಾಲು ಬ್ಯಾಡ್ವಾ? ಸಕ್ಕರೆ ಒಸಿ ಮುಂದಾಗಿರ್ಲಿ."

ದಿನಾ ಮಾಡಿಕೊಡುತ್ತಿದ್ದೇನೆ. ಕುಡಿದು, 'ಅಣ್ಣಂಗೆ ಹಿಂಗೇ ತೆಳ್ಳಗೆ ಮಾಡ್ಕೊಡ್ತಿದ್ರಾ?' ಎಂದು ಹೆಸರಿಟ್ಟು ಹೋಗುತ್ತಾಳೆ.

ಈಗ ಮುಖ್ಯ ವಿಷಯ. ಮೂರನೇ ಭಾಗದ ಕೊನೆಯಲ್ಲಿ ಮಾರನ ಮಗುವನ್ನು ಯಾರೋ ಎತ್ತಿಕೊಂಡು ರೈಲು ಹತ್ತುತ್ತಾರೆ. ಈ ಸಲ ಕಾಣುವುದು ಕಾಲು ಮಾತ್ರ. ಸಿನಿಮಾ ಎಂದರೆ ಅಷ್ಟಕ್ಕಷ್ಟೆ ಎನ್ನುತ್ತಿದ್ದ ಜಯಮ್ಮ ಅದು ಮಾರನ ಅತ್ತೆಯ ಕಾಲು ಎನ್ನುತ್ತಾಳೆ. ನಾನು ಮಾರನ ತಾಯಿಯ ಕಾಲು ಎಂದು ಇಲ್ಲಿ ಬರೆದಿದ್ದೇನೆ. ಮತ್ತೆ ಒಂದು ತಿಂಗಳ ಕಾಫಿ. ನಾಲ್ಕನೇ ಭಾಗ ಬರುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಈ ಹಾಳೆಗಳನ್ನು ಜೋಪಾನವಾಗಿಡಿ. ನಾನು ಗೆದ್ದಿದ್ದರೆ ಜಯಜ್ಜಿಗೆ ತೋರಿಸಿ ನನ್ನ ಪಾಲಿನ ಕಾಫಿ ನೀವು ಕುಡಿಯಿರಿ. ಸೋತಿದ್ದರೆ, ಇಲಿ ತಿಂದಿತು ಎಂದುಬಿಡಿ.